ಹೆಣ್ಣು ಹುಳುವಿಗೆ ಗಂಡಿನ ಅಂಗ: ಇದರಿಂದ ಕಡಲಿನ ವಿಷ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ನಾನಿರೋದು ಇಂಗ್ಲೆಂಡಿನ ಪ್ಲಿಮತ್‌ನಲ್ಲಿ. ಮೊನ್ನೆ ಇಳಿತದ ಹೊತ್ತಲ್ಲಿ ಇಬ್ಬರು ಬಂಡೆ ಮೇಲಿಂದ ಚಿಪ್ಪಿನ ಹುಳು ಆರಿಸ್ತಿದ್ರು. ಕೇಳಿದ್ರೆ 'ಹಡಗಿನ ಬಣ್ಣದ ವಿಷ ನೋಡೋಕೆ' ಅಂದ್ರು. ಒಂದು ಬಾಟಲಿ ನೀರು ಲ್ಯಾಬಿಗೆ ಕೊಟ್ರೆ ಸಾಲದಾ?

ಉತ್ತರ (ಕಡಲಜೀವಿ ಸಂಶೋಧಕಿ): ಈ ಕಥೆ ಶುರುವಾಗಿದ್ದೇ ನಿಮ್ಮೂರಲ್ಲಿ! ಆ ಹುಳು ಡಾಗ್‌ವೆಲ್ಕ್ ಅನ್ನೋ ಕಡಲ ಬಸವನಹುಳು. 1970ರಲ್ಲೇ ಪ್ಲಿಮತ್‌ನ ಹೆಣ್ಣು ಹುಳುಗಳಲ್ಲಿ ಬಲ ಮೀಸೆಯ ಹಿಂದೆ ಪುಟ್ಟ ಶಿಶ್ನ ಕಂಡಿತ್ತು. ಇದಕ್ಕೆ ಇಂಪೊಸೆಕ್ಸ್ ಅಂತಾರೆ. 1986ರಲ್ಲಿ ವಿಜ್ಞಾನಿಗಳಾದ ಬ್ರಯಾನ್, ಗಿಬ್ಸ್ ಮತ್ತು ಜೊತೆಗಾರರು ಅದನ್ನು ಟಿಬಿಟಿಗೆ (ಟ್ರೈಬ್ಯುಟೈಲ್ ಟಿನ್) ಗಂಟು ಹಾಕಿದರು. ದೋಣಿಯ ತಳಕ್ಕೆ ಪಾಚಿ, ಬಾರ್ನಕಲ್ ಹತ್ತದಂತೆ ಬಳಿಯುತ್ತಿದ್ದ ಬಣ್ಣದಲ್ಲಿದ್ದ ತವರದ ಸಂಯುಕ್ತ ಅದು.

ನೀರಲ್ಲಿ ಟಿಬಿಟಿ ಲೀಟರಿಗೆ ಒಂದು ನ್ಯಾನೋಗ್ರಾಂ ತವರದಷ್ಟಿದ್ರೂ ಹುಳುವಿನ ದೇಹ ಬದಲಾಗುತ್ತೆ. ಅಂದ್ರೆ ನೂರು ಕೋಟಿ ಲೀಟರಿಗೆ ಒಂದು ಗ್ರಾಂ! ಬಾಟಲಿ ನೀರು ಆ ಗಳಿಗೆಯದ್ದು ಮಾತ್ರ ಹೇಳುತ್ತೆ. ಹುಳು ಬಂಡೆ ಬಿಟ್ಟು ಕದಲಲ್ಲ, ತಿಂಗಳುಗಟ್ಟಲೆ ಉಂಡಿದ್ದನ್ನೆಲ್ಲ ಮೈಯಲ್ಲಿ ಬರೆದಿಟ್ಟಿರುತ್ತೆ. ವೈಸ್ ಅನ್ನೋ ಬಿಗಿಯೋ ಇಕ್ಕಳದಲ್ಲಿ ಚಿಪ್ಪು ಒಡೆದು, ಲೆನ್ಸಿನಡಿ ಆ ಅಂಗದ ಉದ್ದ ಅಳೀತೀವಿ. ಲೆಕ್ಕಕ್ಕೆ ಬೇಕಾದ ದುಬಾರಿ ಯಂತ್ರ ಅಷ್ಟೇ, ಒಂದು ಅಳತೆಪಟ್ಟಿ! ವಿಷ ಹೆಚ್ಚಾದ್ರೆ ಮೊಟ್ಟೆ ಹೊರಬರೋ ದಾರಿಯೇ ಮುಚ್ಚಿಹೋಗುತ್ತೆ. ಈ ಹುಳುವಿನ ಮರಿ ನೀರಲ್ಲಿ ತೇಲಿ ಬರಲ್ಲ, ಬಂಡೆಗಂಟಿದ ಗೂಡಿನಿಂದಲೇ ತೆವಳಿ ಬರುತ್ತೆ. ಹಾಗಾಗಿ ಒಂದು ಕಡೆ ಅಳಿದ್ರೆ ಬೇರೆಡೆಯಿಂದ ಬಂದು ತುಂಬೋದು ಬಹಳ ನಿಧಾನ.

ಪ್ರಶ್ನೆ: ಹಾಗಾದ್ರೆ ಪಾದರಸ, ಚರಂಡಿ ನೀರೂ ಹೀಗೇ ತಿಳಿಯುತ್ತಾ?

ಉತ್ತರ: ಇಲ್ಲ. ಇದು ತವರದ ಸಂಯುಕ್ತಗಳ ಬಗ್ಗೆ ಮಾತ್ರ ಹುಳು ಕೊಡೋ ದೂರು. ಇಂಪೊಸೆಕ್ಸ್ ಇಲ್ಲ ಅಂದ ಮಾತ್ರಕ್ಕೆ ನೀರು ಚೊಕ್ಕ ಅಂತ ಬರೆಯೋ ವರದಿ ನೋಡಿದ್ರೆ ನಂಗೆ ಕೋಪ ಬರುತ್ತೆ.

ಪ್ರಶ್ನೆ: ಆ ಬಣ್ಣ ಈಗಲೂ ಇದೆಯಾ? ನಮ್ಮ ಮಲ್ಪೆ ಕಡೆ ಈ ಹುಳು ಸಿಗುತ್ತಾ?

ಉತ್ತರ: ಬ್ರಿಟನ್ 1987ರಲ್ಲೇ 25 ಮೀಟರಿಗಿಂತ ಸಣ್ಣ ದೋಣಿಗಳಿಗೆ ನಿಲ್ಲಿಸಿತು. ದೊಡ್ಡ ಹಡಗುಗಳಿಗೂ ಅನ್ವಯಿಸೋ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದಿದ್ದು 2008ರಲ್ಲಿ. ಆದ್ರೆ ಬಂದರಿನ ಕೆಸರಲ್ಲಿ ಹಳೇದು ಕೂತಿರುತ್ತೆ, ಹೂಳೆತ್ತಿದಾಗ ಮತ್ತೆ ಕದಡುತ್ತೆ. ಡಾಗ್‌ವೆಲ್ಕ್ ತಣ್ಣೀರಿನ ಅಟ್ಲಾಂಟಿಕ್ ಪ್ರಾಣಿ, ಮಲ್ಪೆಯಲ್ಲಿಲ್ಲ. ಆದ್ರೆ ಅದೇ ಕುಟುಂಬದ ಕ್ರೋನಿಯಾ ಕೊಂಕಣೆನ್ಸಿಸ್ ನಮ್ಮ ಕಡಲಿನದು; ಗೋವಾದ ಮಾರ್ಮುಗೋವಾ ಬಂದರಿನ ಹೆಣ್ಣುಗಳಲ್ಲಿ ಇಂಪೊಸೆಕ್ಸ್ ಇದ್ದದ್ದು 1999ರಲ್ಲೇ ಪ್ರಕಟವಾಗಿದೆ. ಊರಿಗೆ ಹೋದಾಗ ದೋಣಿ ರಿಪೇರಿ ಮಾಡೋ ಜಾಗದ ಹತ್ತಿರದ ಬಂಡೆ ನೋಡಿ. ಹುಳು ಕಮ್ಮಿ ಇದ್ರೆ ಮಾತ್ರ ದಯವಿಟ್ಟು ಕೀಳಬೇಡಿ, ಫೋಟೋ ಹಾಕಿ ಸಾಕು.