ಸಹಾಯ ಬೇಕು: ಕೈಯಲ್ಲೇ ಭತ್ತದ ತಳಿ ಬೆರೆಸಿದವರು ಇದ್ದೀರಾ?

ಗೋವಾದಲ್ಲಿರುವ ಕನ್ನಡದವರಲ್ಲಿ ಕೃಷಿ ಓದಿದವರಿದ್ದರೆ ಸ್ವಲ್ಪ ನೋಡಿ. ಮಾಪುಸಾದ ನಮ್ಮ ಬಾಡಿಗೆ ಮನೆ ಹಿಂದೆ ಡ್ರಮ್ಮುಗಳಲ್ಲಿ ಜಯಾ, ಜ್ಯೋತಿ ಎರಡೂ ಬೆಳೆದಿದ್ದೇನೆ. ಜಯಾ ಬಿಳಿ ಅಕ್ಕಿ, ಜ್ಯೋತಿ ಕೆಂಪು. ಜಯಾವನ್ನು ತಾಯಿ ಮಾಡಿಕೊಂಡೆ. ಭತ್ತದ ಹೂವು ತನ್ನೊಳಗೇ ಪರಾಗ ಉದುರಿಸಿಕೊಳ್ಳುತ್ತದೆ. ಹೈಬ್ರಿಡ್ ಬೀಜ ಮಾಡುವವರ ಹತ್ತಿರ ಗಂಡು ಬಂಜೆ ತಳಿ (ತನ್ನ ಪರಾಗದಿಂದ ಕಾಳು ಕಟ್ಟದ್ದು) ಇರುತ್ತದೆ, ನಮಗೆಲ್ಲಿ? ಹಾಗಾಗಿ ಸಂಜೆ ಹೂವಿನ ಸಿಪ್ಪೆಯ ತುದಿ ಕತ್ತರಿಸಿ, ಚಿಮುಟದಿಂದ 6 ಕೇಸರಗಳನ್ನೂ ತೆಗೆದು ಕವರ್ ಕಟ್ಟಿದೆ. ಮರುದಿನ ಜ್ಯೋತಿಯ ಹೂವು ಬಿರಿಯುವ ಹೊತ್ತಿಗೆ ತೆನೆ ಅಲ್ಲಾಡಿಸಿ ಪರಾಗ ಬೀಳಿಸಿದೆ. ಕಣ್ಣು ನೋವು ಗ್ಯಾರಂಟಿ!

ಕೆಲವು ಕಾಳು ಕಟ್ಟಿವೆ. ಒಂದನ್ನು ಸುಲಿದರೆ ಬಿಳಿ. ಅದಕ್ಕೆ ಚಿಂತೆ ಇಲ್ಲ, ಕೆಂಪು ಬಣ್ಣ ಇರುವ ಹೊರಪದರ ತಾಯಿ ಗಿಡದ್ದೇ ಭಾಗ ಅಲ್ವಾ. ಈ ಕಾಳು ಗಿಡವಾಗಿ ತೆನೆ ಬಿಟ್ಟಾಗಲೇ ಕೆಂಪು ಕಾಣಬೇಕು. ಅದರ ಮುಂದಿನ ತಲೆಮಾರಿನ ಗಿಡಗಳಲ್ಲಿ ಮೆಂಡಲ್ ಹೇಳಿದ ಅನುವಂಶೀಯತೆಯ ಲೆಕ್ಕ, ಸುಮಾರು 3:1, ಅಂದರೆ ಮೂರು ಕೆಂಪಿಗೆ ಒಂದು ಬಿಳಿ.

ಅಲ್ಲಿಯವರೆಗೆ ಸುಮ್ನೆ ಕಾಯದೆ, ಬೆರಕೆ ಆಗಿದೆಯೋ ಇಲ್ಲವೋ ಅಂತ ಸಸಿಯಲ್ಲೇ ತಿಳಿಯುವ ಗುರುತು ಇದೆಯಾ? ಮುಂದಿನ ಸಲ ಬುಡ ನೇರಳೆ ಇರುವ ತಳಿಯನ್ನು ತಂದೆ ಮಾಡೋಣ ಅಂತಿದ್ದೇನೆ, ಆ ಬಣ್ಣ ಸಸಿಯಲ್ಲೇ ಕಾಣುತ್ತದೆ. ಅಂಥ ಬೀಜ ಒಂದು ಹಿಡಿ ಯಾರ ಹತ್ತಿರವಾದರೂ ಸಿಗುತ್ತದಾ? ಓಲ್ಡ್ ಗೋವಾದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ನನ್ನಂಥವರು ಕೇಳಿದರೆ ಕೊಡುತ್ತಾರಾ? ಗೊತ್ತಿದ್ದವರು ಹೇಳಿ.