ಹಂಪಿಗೆ ಹೋಗಿ ಹಂಪಿಯನ್ನೇ ಅಳಿಸಿದ್ದು

ಶೀನ ಮಗಳ ಪ್ರೀ-ವೆಡ್ಡಿಂಗ್ ಆಲ್ಬಮ್ಮನ್ನು ಹೋಟೆಲ್ ಮೇಜಿನ ಮೇಲೆ ಬಿಚ್ಚಿಟ್ಟ. ಕಾಫಿ ಲೋಟಗಳನ್ನು ಸರಿಸಿ ಎಲ್ಲರೂ ಬಗ್ಗಿದರು.

"ಇದು ಹಂಪಿ. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ತೆಗೆದದ್ದು."

ರಾಯರು ಕನ್ನಡಕ ಒರೆಸಿಕೊಂಡರು. ಮತ್ತೊಮ್ಮೆ ಒರೆಸಿಕೊಂಡರು. "ಮಗಳು ಕಾಣಿಸುತ್ತಾಳೆ. ಹಿಂದೆ ಯಾರೋ ಉಪ್ಪಿಟ್ಟು ಚೆಲ್ಲಿದ್ದಾರೆ. ರಥ ಎಲ್ಲಿ?"

"ಅದೇ ರಥ."

ರಾಯರು ಜೇಬಿನಿಂದ ಐವತ್ತರ ನೋಟು ತೆಗೆದು ಹಿಂಬದಿ ತಿರುಗಿಸಿ ಆಲ್ಬಮ್ಮಿನ ಪಕ್ಕದಲ್ಲಿಟ್ಟರು. "ರಿಸರ್ವ್ ಬ್ಯಾಂಕಿನವರ ರಥಕ್ಕೆ ಚಕ್ರಗಳಾದರೂ ಇವೆ. ಅದೂ ಐವತ್ತೇ ರೂಪಾಯಿಗೆ. ನೀನೆಷ್ಟು ಕೊಟ್ಟೆ?"

ಶೀನ ಮೊತ್ತ ಹೇಳಲಿಲ್ಲ. ಫೋಟೋ ತೆಗೆದ ಮಂಜುವೇ ಬಾಯಿ ಬಿಟ್ಟ. "ಅದು ಬೊಕೆ, ಅಂದರೆ ಹಿನ್ನೆಲೆಯ ಮಸುಕು, ರಾಯರೇ. 85 ಎಂ.ಎಂ. ಲೆನ್ಸ್, ಎಫ್/1.8, ಅಂದರೆ ಬೆಳಕು ಬರುವ ರಂಧ್ರ ಅಗಲ; ಈ ಸಂಖ್ಯೆ ಏರಿದಷ್ಟೂ ರಂಧ್ರ ಕಿರಿದು. ಹಿನ್ನೆಲೆ ಮಸುಕಾದಷ್ಟೂ ಮುಖ ಎದ್ದು ಕಾಣುತ್ತದೆ."

"ಹಾಗಾದರೆ ಹಂಪಿಯವರೆಗೆ ಏಕೆ ಹೋದಿರಿ? ಶೀನನ ಮನೆಯ ನೀರಿನ ಟ್ಯಾಂಕನ್ನು ಮಸುಕು ಮಾಡಿದ್ದರೂ ಇಷ್ಟೇ ಚೆನ್ನಾಗಿರುತ್ತಿತ್ತು. 1565ರಲ್ಲಿ ಊರು ಹಾಳು ಮಾಡಿದವರೂ ಆ ರಥವನ್ನು ಉಳಿಸಿದ್ದರು. ನೀನು ಅದನ್ನೂ ಬಿಡಲಿಲ್ಲ."

ಶ್ಯಾಮಣ್ಣನ ಗಮನ ಬೇರೆ ಕಡೆ ಇತ್ತು. "ಅಳಿಯನೂ ಮಸುಕಾಗಿದ್ದಾನಲ್ಲಯ್ಯ?"

"ಅರ್ಧ ಹೆಜ್ಜೆ ಹಿಂದೆ ನಿಂತುಬಿಟ್ಟರು," ಎಂದು ಮಂಜು ತಲೆ ಕೆರೆದುಕೊಂಡ. "ಎರಡು ಮೀಟರ್ ದೂರದಲ್ಲಿ ಈ ಲೆನ್ಸಿಗೆ ಸ್ಪಷ್ಟವಾಗಿ ಸಿಗುವ ಆಳ ಆರು ಸೆಂಟಿಮೀಟರ್ ಅಷ್ಟೇ."

"ಇರಲಿ ಬಿಡು," ಎಂದರು ರಾಯರು. "ಮದುವೆಗೆ ಮೊದಲೇ ಹಿನ್ನೆಲೆಗೆ ಸರಿದು ಅಭ್ಯಾಸವಾಗಲಿ."

ಶೀನನಿಗೆ ಸಿಟ್ಟು ಬಂತು. "ಮುಖ, ರಥ ಎರಡೂ ಸ್ಪಷ್ಟವಾಗಿ ಬರಲು ಸಾಧ್ಯವೇ ಇಲ್ಲವೇನೋ ಮಂಜು?"

"ಇದೆ. 24 ಎಂ.ಎಂ. ಲೆನ್ಸ್ ಹಾಕಿ ಎಫ್/8 ಇಟ್ಟರೆ ಈ ಕ್ಯಾಮೆರಾದ ಹೈಪರ್‌ಫೋಕಲ್ ದೂರ ಸುಮಾರು 2.4 ಮೀಟರ್. ಅಲ್ಲಿಗೆ ಫೋಕಸ್ ಮಾಡಿದರೆ ಅದರ ಅರ್ಧದಿಂದ, ಅಂದರೆ 1.2 ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟ."

"ನೇರವಾಗಿ ದೂರದ ಬೆಟ್ಟಕ್ಕೇ ಫೋಕಸ್ ಮಾಡಿದರೆ?"

"2.4 ಮೀಟರಿಗಿಂತ ಹತ್ತಿರದ್ದೆಲ್ಲ ಕೈಬಿಡುತ್ತದೆ. ನಿಜವಾಗಿ ಚೂಪಾಗಿರುವುದು ಫೋಕಸ್ ಮಾಡಿದ ದೂರ ಒಂದೇ. ಉಳಿದ ಕಡೆ ಒಂದೊಂದು ಚುಕ್ಕೆಯೂ ಪುಟ್ಟ ವೃತ್ತವಾಗುತ್ತದೆ. ಸೆನ್ಸರ್ ಮೇಲೆ ಆ ವೃತ್ತ 0.03 ಮಿಲಿಮೀಟರ್ ದಾಟದಿದ್ದರೆ ಸ್ಪಷ್ಟವೆಂದೇ ಲೆಕ್ಕ."

"ಇಷ್ಟೆಲ್ಲ ಗೊತ್ತಿದ್ದೂ ಉಪ್ಪಿಟ್ಟು ಚೆಲ್ಲಿದೆಯಾ!"

"ಗಿರಾಕಿಗಳು ಕೇಳುವುದೇ ಅದನ್ನು, ರಾಯರೇ. ಮೊಬೈಲಿನ ಸೆನ್ಸರ್ ಬಲು ಚಿಕ್ಕದು, ಅದರಲ್ಲಿ ಹಿನ್ನೆಲೆ ತಾನಾಗಿಯೇ ಸ್ಪಷ್ಟವಾಗಿರುತ್ತದೆ. ಅದಕ್ಕೂ ಸಾಫ್ಟ್‌ವೇರ್ ಹಾಕಿ ಮಸುಕು ಮಾಡುತ್ತಾರೆ."

"ಗೊತ್ತು. ನನ್ನ ಮೊಮ್ಮಗ ತೆಗೆದ ಫೋಟೋದಲ್ಲಿ ನನ್ನ ಎಡಗಿವಿಯೂ ಕನ್ನಡಕದ ಕಡ್ಡಿಯೂ ಹಿನ್ನೆಲೆಗೆ ಸೇರಿವೆ. ಅಮೆರಿಕದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದ ಛಾಯಾಗ್ರಾಹಕರು 1932ರಲ್ಲಿ ಗುಂಪು ಕಟ್ಟಿ, ಅದಕ್ಕೆ ಅತಿ ಕಿರಿದಾದ ರಂಧ್ರದ ಗುರುತಾದ ಎಫ್/64 ಎಂದೇ ಹೆಸರಿಟ್ಟಿದ್ದರು, ಎಲ್ಲವೂ ಚೂಪಾಗಿರಲಿ ಎಂದು."

"ನಮ್ಮ ಕ್ಯಾಮೆರಾದಲ್ಲಿ ರಂಧ್ರವನ್ನು ತೀರಾ ಕಿರಿದು ಮಾಡಿದರೆ ಬೆಳಕು ಬಾಗಿ, ಇಡೀ ಚಿತ್ರವೇ ಮಂಕಾಗುತ್ತದೆ," ಎಂದು ಮಂಜು ಮೆಲ್ಲಗೆ ಸೇರಿಸಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಾಯರು ಐವತ್ತರ ನೋಟನ್ನು ಮಡಿಸುತ್ತಾ ಹೇಳಿದರು: "ನನ್ನ ನಾಮಕರಣದ ಫೋಟೋ ಒಂದಿದೆ. ಡಬ್ಬಿ ಕ್ಯಾಮೆರಾದ್ದು. ಫೋಕಸ್ ತಿರುಗಿಸುವ ಬಳೆಯೇ ಅದಕ್ಕಿರಲಿಲ್ಲ. ಕಿರಿದಾದ ರಂಧ್ರ, ಒಂದೇ ದೂರಕ್ಕೆ ಕೂರಿಸಿದ ಮಸೂರ. ಮುಂದೆ ನೆಂಟರೆಲ್ಲ ಜರಿ ಪೇಟ ಸುತ್ತಿಕೊಂಡು ನಿಂತಿದ್ದಾರೆ. ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಮ್ಮಜ್ಜಿ, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದಾಳೆ. ಅವಳನ್ನು ಯಾರೂ ಫೋಟೋಗೆ ಕರೆದಿರಲಿಲ್ಲ. ಅವಳದೆಂದು ಇರುವುದು ಅದೊಂದೇ ಚಿತ್ರ."

ಶ್ಯಾಮಣ್ಣ ಕೂಡ ಬೋಂಡ ಅಗಿಯುವುದನ್ನು ನಿಲ್ಲಿಸಿದ.

"ಈಗಿನ ಲೆನ್ಸಾಗಿದ್ದರೆ?" ಎಂದ ಶೀನ.

"ಬಾಗಿಲ ಹತ್ತಿರ ಒಂದು ಬೂದು ಕಲೆ. ಎಷ್ಟು ಚೆಂದದ ಬೊಕೆ ಎನ್ನುತ್ತಿದ್ದಿರಿ."

ಮಂಜು ಏನೂ ಹೇಳದೆ ಚೀಲದಿಂದ 24 ಎಂ.ಎಂ. ಲೆನ್ಸ್ ತೆಗೆದು ಕ್ಯಾಮೆರಾಕ್ಕೆ ಹಾಕಿದ. "ಎಫ್/8ಕ್ಕೆ ಇಲ್ಲಿ ಬೆಳಕು ಸಾಲದು. ಯಾರೂ ಅಲುಗಾಡಬಾರದು."

"ಅಲುಗಾಡುವುದಿಲ್ಲ," ಎಂದು ರಾಯರು ಶಾಲು ಸರಿಪಡಿಸಿಕೊಂಡರು. "ಆದರೆ ಹಿಂದಿನ ಗೋಡೆಯ ದರಪಟ್ಟಿ ಅಕ್ಷರಕ್ಷರವಾಗಿ ಓದುವಂತಿರಬೇಕು. ಮುಂದಿನ ತಿಂಗಳು ಬೋಂಡದ ಬೆಲೆ ಏರಿಸಿದರೆ ಸಾಕ್ಷಿಗೆ ಬೇಕಾಗುತ್ತದೆ."