ಲೋಡ್ ಸೆಲ್‌ನ ‘ಸೆನ್ಸಿಟಿವಿಟಿ’ ಮತ್ತು ‘ಕ್ಯಾಲಿಬ್ರೇಶನ್’: ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ರಿಪೇರಿ ಮಾಡುವವರಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಎರಡು ಪದಗಳ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಸೆನ್ಸಿಟಿವಿಟಿ’. ಇದಕ್ಕೆ ರೂಢಿಯಲ್ಲಿರುವ ‘ಸಂವೇದನಾಶೀಲತೆ’, ‘ಸೂಕ್ಷ್ಮತೆ’ ಎಂಬ ಪದಗಳನ್ನು ಓದಿದವರು, ಅದು ಹೆಚ್ಚಿದ್ದಷ್ಟೂ ತಕ್ಕಡಿ ಇನ್ನೂ ಸಣ್ಣ ತೂಕವನ್ನು ಹಿಡಿಯುತ್ತದೆ ಎಂದು ಭಾವಿಸುತ್ತಾರೆ. ಲೋಡ್ ಸೆಲ್‌ನಲ್ಲಿ, ಅಂದರೆ ತಕ್ಕಡಿಯೊಳಗೆ ಭಾರವನ್ನು ವಿದ್ಯುತ್ ಸಂಕೇತವಾಗಿಸುವ ಲೋಹದ ಭಾಗದಲ್ಲಿ, ಅದರ ಅರ್ಥ ಬೇರೆ. ಸೆಲ್ಲಿನ ಲೋಹ ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗಿದಾಗ ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳ (ಹಿಗ್ಗು-ಕುಗ್ಗನ್ನು ಗುರುತಿಸುವ ತೆಳು ಪಟ್ಟಿಗಳ) ವಿದ್ಯುತ್ ರೋಧ ಬದಲಾಗುತ್ತದೆ. ಪೂರ್ಣ ಭಾರ ಹೇರಿದಾಗ, ನಾವು ಕೊಡುವ ಪ್ರತಿ ವೋಲ್ಟಿಗೆ ಎಷ್ಟು ಮಿಲಿವೋಲ್ಟ್ ಹೊರಬರುತ್ತದೆ ಎಂಬ ಪ್ರಮಾಣವೇ ಸೆನ್ಸಿಟಿವಿಟಿ. ವೋಲ್ಟಿಗೆ 2 ಮಿಲಿವೋಲ್ಟ್ ಎಂದು ನಮೂದಿಸಿರುವ 500 ಕೆಜಿಯ ಸೆಲ್ಲಿಗೆ 10 ವೋಲ್ಟ್ ಕೊಟ್ಟರೆ ಪೂರ್ಣ ಭಾರಕ್ಕೆ 20 ಮಿಲಿವೋಲ್ಟ್, 50 ಕೆಜಿಯ ಚೀಲಕ್ಕೆ 2 ಮಿಲಿವೋಲ್ಟ್ ಬರುತ್ತದೆ. ಅದೇ ಸಾಮರ್ಥ್ಯದ, ಆದರೆ ವೋಲ್ಟಿಗೆ 3 ಮಿಲಿವೋಲ್ಟ್ ಕೊಡುವ ಸೆಲ್ಲನ್ನು ಹಾಕಿ ತೂಕದ ಅಂಕಿ ತೋರಿಸುವ ಇಂಡಿಕೇಟರನ್ನು ಹೊಸದಾಗಿ ಹೊಂದಿಸದೆ ಬಿಟ್ಟರೆ, ಅದೇ ಚೀಲ 75 ಕೆಜಿ ತೋರಿಸುತ್ತದೆ. ಮೂರರ ಸೆಲ್ ‘ಹೆಚ್ಚು ಸೂಕ್ಷ್ಮ’ ಎಂದು ನಂಬಿ ಬದಲಾಯಿಸಿದವನಿಗೆ ಈ ಅಪಾಯವನ್ನು ಪದವೇ ಮರೆಮಾಚುತ್ತದೆ ಎಂಬುದು ನನ್ನ ಆತಂಕ. ಆದ್ದರಿಂದ ‘ಸೆನ್ಸಿಟಿವಿಟಿ’ಯನ್ನು ಹಾಗೆಯೇ ಇಟ್ಟು, ಮೊದಲ ಬಳಕೆಯಲ್ಲಿ ‘ಪ್ರತಿ ವೋಲ್ಟಿಗೆ ಹೊಮ್ಮುವ ಮಿಲಿವೋಲ್ಟ್’ ಎಂದು ವಿವರಿಸಲು ಯೋಚಿಸಿದ್ದೇನೆ.

‘ಕ್ಯಾಲಿಬ್ರೇಶನ್’ ಇನ್ನೂ ತೊಡಕಿನದು. ರಿಪೇರಿಯವರ ಮಾತಿನಲ್ಲಿ ಅದೆಂದರೆ ಖಾಲಿ ತಟ್ಟೆಗೆ ಜೀರೋ ಕೂರಿಸಿ, ಗೊತ್ತಿರುವ ತೂಕದ ಕಲ್ಲನ್ನಿಟ್ಟು ಇಂಡಿಕೇಟರ್ ಅಷ್ಟನ್ನೇ ತೋರಿಸುವಂತೆ ಮಾಡುವುದು. ಮಾಪನಶಾಸ್ತ್ರದಲ್ಲಿ ಇದು ಹೊಂದಾಣಿಕೆ ಮಾತ್ರ. ಪ್ರಮಾಣಿತ ಕಲ್ಲುಗಳಿಗೆ ತಕ್ಕಡಿ ತೋರಿಸುವ ಅಂಕಿಯನ್ನು ಹೋಲಿಸಿ, ವ್ಯತ್ಯಾಸ ಎಷ್ಟೆಂದು ದಾಖಲಿಸುವುದೇ ಕ್ಯಾಲಿಬ್ರೇಶನ್. ತಕ್ಕಡಿಗೆ ಕೈಹಚ್ಚದೆಯೂ ಅದನ್ನು ಮುಗಿಸಬಹುದು. ಇನ್ನು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಡಿ ಇಲಾಖೆಯವರು ಮಾಡುವ ‘ಸತ್ಯಾಪನೆ ಮತ್ತು ಮುದ್ರೆ’ (ತಕ್ಕಡಿ ನಿಯಮಕ್ಕೆ ಸರಿಯಿದೆಯೇ ಎಂದು ಪರಿಶೀಲಿಸಿ ಮುದ್ರೆ ಒತ್ತುವುದು) ಇವೆರಡಕ್ಕಿಂತ ಬೇರೆಯ ಕೆಲಸ. ‘ಮಾಪನಾಂಕ ನಿರ್ಣಯ’ ಎಂಬ ಪುಸ್ತಕದ ಪದವನ್ನು ಈ ಮೂರಕ್ಕೂ ಹಾಕಿರುವ ಬರಹಗಳನ್ನು ನೋಡಿದ್ದೇನೆ.

ಹೊಂದಾಣಿಕೆಗೆ ‘ಹೊಂದಿಸು’ ಸಾಕು. ಹೋಲಿಸಿ ನೋಡುವುದಕ್ಕೆ ‘ಒರೆಗೆ ಹಚ್ಚು’ ಎಂಬುದು ನನಗೆ ಹಿಡಿಸಿದೆ, ಏಕೆಂದರೆ ಅಕ್ಕಸಾಲಿಗ ಒರೆಗಲ್ಲಿನ ಮೇಲೆ ಚಿನ್ನದ ಗುಣವನ್ನು ಅರಿಯುತ್ತಾನೆಯೇ ಹೊರತು ಅದನ್ನು ತಿದ್ದುವುದಿಲ್ಲ. ಆದರೆ ಕ್ಯಾಲಿಬ್ರೇಶನ್ ಪ್ರಮಾಣಪತ್ರದ ತಲೆಬರಹದಲ್ಲಿ ಈ ಪದ ನಿಲ್ಲಬಲ್ಲದೇ, ಅಥವಾ ‘ಪರೀಕ್ಷೆ’ ಎಂಬ ಸಡಿಲ ಅರ್ಥಕ್ಕೆ ಜಾರಿಬಿಡುತ್ತದೆಯೇ? ಚಿತ್ರದುರ್ಗ, ಚಳ್ಳಕೆರೆಯ ಕಡೆ ಶೇಂಗಾ ಮಂಡಿಗಳಲ್ಲಿ ತೂಕದವರು ಈ ಎರಡು ಕೆಲಸಗಳಿಗೆ ಬೇರೆ ಬೇರೆ ಮಾತು ಬಳಸುತ್ತಿದ್ದರೆ, ದಯವಿಟ್ಟು ಆ ಮಾತುಗಳನ್ನು ಬಳಕೆಯ ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.